ಹೊಸ ತೊಟ್ಟಿಗೆ ಅನಿಮೋನ್ ಬೇಡ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ನೋಡಿದವರೆಲ್ಲ ಕೇಳುವುದು ಒಂದೇ: 'ನಾವೂ ಕ್ಲೌನ್ ಮೀನಿನ ಜೊತೆ ಅನಿಮೋನ್ ಇಡಬಹುದಾ?' ಇಡಬಹುದು, ಆದರೆ ಈಗಲೇ ಬೇಡ ಎನ್ನುತ್ತೇನೆ.

ಸೀ ಅನಿಮೋನ್ ಹೂವಿನಂತೆ ಕಂಡರೂ ಪ್ರಾಣಿ. ಮೈಯೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದನ್ನು ಪೋಷಿಸುತ್ತದೆ. ಬೆಳಕು ಸಾಲದಿದ್ದರೆ, ನೀರು ಬಿಸಿಯಾದರೆ ಪಾಚಿ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಅಂಗಡಿಯಲ್ಲಿ ಜನ ಆ ಬಿಳುಪಿಗೇ ಮರುಳಾಗುವುದು ನನಗೆ ಸಂಕಟ.

ತೊಟ್ಟಿ ಶುರುವಾಗಿ ಕನಿಷ್ಠ 6 ತಿಂಗಳಾಗಿರಲಿ. ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಸ್ಥಿರವಾಗಿರಲಿ. ಉಪ್ಪು ಆವಿಯಾಗುವುದಿಲ್ಲ; ಹಾಗಾಗಿ ಆರಿದಷ್ಟು ಆರ್‌ಒ ನೀರನ್ನಷ್ಟೇ ತುಂಬಿಸಬೇಕು. ಅನಿಮೋನ್ ಜಾಗ ಬದಲಿಸುತ್ತದೆ. ಪಂಪಿನ ಬಾಯಿಗೆ ಸ್ಪಂಜು ಇಲ್ಲದಿದ್ದರೆ ಸಿಕ್ಕಿ ಹರಿದುಹೋಗುತ್ತದೆ.

ಸ್ಕಾಟ್ಲೆಂಡಿನ ಜಾನ್ ಡಾಲ್ಯೆಲ್ 1828ರಲ್ಲಿ ಕಡಲ ದಂಡೆಯಿಂದ ತಂದ ಅನಿಮೋನ್ ಗಾಜಿನ ಜಾಡಿಯಲ್ಲೇ 1887ರವರೆಗೆ, ಸಾಕಿದವರ ಕಾಲದ ನಂತರವೂ ಬದುಕಿತ್ತು. ಅಷ್ಟು ಆಯುಸ್ಸಿನ ಜೀವ ನಮ್ಮ ಆತುರಕ್ಕೆ ಬಲಿಯಾಗಬಾರದು. ಹೊಸ ತೊಟ್ಟಿಯ ಜೊತೆಗೇ ಅದನ್ನು ಮಾರುವುದನ್ನು ಅಂಗಡಿಗಳು ನಿಲ್ಲಿಸಬೇಕು. ಕೊಳ್ಳುವವರು, ತೊಟ್ಟಿಯಲ್ಲೇ ಇಬ್ಭಾಗವಾಗಿ ಬೆಳೆದ ಬಬಲ್ ಟಿಪ್ ಜಾತಿಯನ್ನೇ ಕೇಳಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಕ್ಲೌನ್ ಮೀನಷ್ಟೇ ಸಾಕು. ಮನೆಯ ತೊಟ್ಟಿಯಲ್ಲಿ ಅದು ಅನಿಮೋನ್ ಇಲ್ಲದೆಯೂ ಚೆನ್ನಾಗಿ ಬಾಳುತ್ತದೆ.