ಬಿಸಿಲು ಬೀಳೋವರೆಗೂ ಕಾಯಿರಿ ಸ್ವಾಮಿ!

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಡಿ.ಎಲ್. ಬಂತು!" ಅಂದ. ಖುಷಿಯಾಯ್ತು. ಅದರ ಹಿಂದೆಯೇ "ಭಾನುವಾರ ಬೆಳಗ್ಗೆ ನಾಲ್ಕಕ್ಕೆಲ್ಲ ನಂದಿ ಬೆಟ್ಟಕ್ಕೆ ಹೊರಡ್ತಿದೀವಿ, ಸನ್‌ರೈಸ್ ನೋಡೋಕೆ. ನೀನೂ ಬಾ" ಅಂದ. ನನ್ನ ಎಡ ಮೊಣಕೈ ತಾನಾಗಿಯೇ ಒಮ್ಮೆ ಚುಳ್ ಅಂದಿತು. ಯಾಕೆ ಅಂತ ಹೇಳ್ತೀನಿ.

ನಾನು ಬೈಕ್ ಕಲಿತದ್ದು ತುಂಬಾ ತಡ. ಇಂಜಿನಿಯರಿಂಗ್ ಓದುವಾಗ ಗೆಳೆಯರ ಹಿಂದಿನ ಸೀಟೇ ಗತಿ, ಕೆಲಸ ಸಿಕ್ಕ ಮೇಲೆ ಆಫೀಸಿನ ಕ್ಯಾಬು. ಇಪ್ಪತ್ತೇಳು ತುಂಬಿದ ಮೇಲೆ ಮನಸ್ಸು ಮಾಡಿ 125 ಸಿಸಿ ಬೈಕೊಂದನ್ನು ಕೊಂಡೆ. ಕಾಲು ನೆಲಕ್ಕೆ ಊರದೆ ಎಂಟು ಹಾಕಿ ತೋರಿಸಿದೆ, ಪಾಸ್. ಇಡೀ ಪರೀಕ್ಷೆ ಎರಡು ನಿಮಿಷ ಹಿಡಿದಿರಬಹುದು. ಲೈಸೆನ್ಸ್ ಕೈಗೆ ಬಂದ ದಿನ ನನಗಿಂತ ಒಳ್ಳೆಯ ಸವಾರ ಈ ರಾಜ್ಯದಲ್ಲೇ ಇಲ್ಲ ಅಂದುಕೊಂಡಿದ್ದೆ :)

2024ರ ಡಿಸೆಂಬರ್. ಚನ್ನರಾಯಪಟ್ಟಣದ ಹತ್ತಿರ ಇರುವ ಊರಿಗೆ ಬೈಕಿನಲ್ಲೇ ಹೋಗಿ ಅಪ್ಪನಿಗೆ ತೋರಿಸಬೇಕು ಅಂತ ಆಸೆ. "ನಾಲ್ಕೂವರೆಗೆ ಬಿಡು ಮಗಾ, ರೋಡ್ ಖಾಲಿ ಇರತ್ತೆ" ಅಂತ ಆಫೀಸಿನ ಅನುಭವಿಗಳು ಹೇಳಿದರು. ಜಾಕೆಟ್, ಐಎಸ್‌ಐ ಹೆಲ್ಮೆಟ್, ಶೂ ಎಲ್ಲ ಇತ್ತು. ನೆಲಮಂಗಲ ದಾಟುವಷ್ಟರಲ್ಲಿ ಬೆರಳ ತುದಿ ಮರಗಟ್ಟಿತ್ತು. ಕುಣಿಗಲ್ ಆದ ಮೇಲೆ ಶುರುವಾಯ್ತು ನೋಡಿ ಮಂಜು! ವೈಸರಿನ ಹೊರಗೆ ಇಬ್ಬನಿ, ಒಳಗೆ ನನ್ನದೇ ಉಸಿರು, ಅದರ ಹಿಂದೆ ಕನ್ನಡಕ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗೆ. ಕೊನೆಗೆ ಒಂದು ಲಾರಿಯ ಹಿಂದಿನ ಕೆಂಪು ದೀಪ ಹಿಡಿದುಕೊಂಡು ಹೊರಟೆ. ಅವನು ಗಕ್ಕನೆ ನಿಲ್ಲಿಸಿದ್ದರೆ ಈ ಬರಹ ಬರೆಯೋಕೆ ನಾನು ಇರ್ತಿರಲಿಲ್ಲ ಅನ್ನೋದು ಈಗ ಹೊಳೆಯುತ್ತೆ.

ಆದರೆ ಬಿದ್ದದ್ದು ಹೈವೇಯಲ್ಲಲ್ಲ. ಏಳು ಗಂಟೆ ಹೊತ್ತಿಗೆ ನಮ್ಮೂರ ರಸ್ತೆಗೆ ತಿರುಗಿದೆ. ಮಂಜು ಸ್ವಲ್ಪ ತೆಳುವಾಗಿತ್ತು. ಅಬ್ಬಾ, ಗೆದ್ದೆ ಅಂತ ಆಕ್ಸಿಲರೇಟರ್ ತಿರುವಿದೆ. ಒಂದು ತಿರುವಿನಲ್ಲಿ ರಸ್ತೆ ತುಂಬಾ ಹುರುಳಿ ಸೊಪ್ಪು! ಹಿಂದಿನ ದಿನ ಒಕ್ಕಣೆಗೆ ಅಂತ ಹರಡಿದ್ದು, ರಾತ್ರಿಯೆಲ್ಲ ಇಬ್ಬನಿ ಕುಡಿದು ಸೋಪಿನ ಹಾಗೆ ಜಾರುತ್ತಿತ್ತು. ಮರಗಟ್ಟಿದ ಬೆರಳಿಗೆ ಎಷ್ಟು ಒತ್ತುತ್ತಿದ್ದೇನೆ ಅನ್ನೋದೇ ಗೊತ್ತಾಗಲಿಲ್ಲ. ಮುಂದಿನ ಬ್ರೇಕ್ ಪೂರ್ತಿ ಹಿಡಿದುಬಿಟ್ಟೆ. ಮುಂದಿನ ಚಕ್ರ ಅತ್ತ, ನಾನು ಇತ್ತ.

ಮೊಣಕೈ ತರಚಿತು, ಕ್ಲಚ್ ಲಿವರ್ ಮುರಿಯಿತು, ಇಂಡಿಕೇಟರ್ ಒಂದು ಹೋಯ್ತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ಹುರುಳಿಯ ಯಜಮಾನ ಓಡಿ ಬಂದು ಎತ್ತಿ ಕೂರಿಸಿದರು. ನಾನು ರೇಗಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರೇ ರೇಗಿದರು: "ಅದೇನ್ ಅವಸರ ಕಣಪ್ಪಾ? ಒಸಿ ಬಿಸ್ಲು ಬಿದ್ಮೇಲ್ ಬಂದಿದ್ರೆ ನಿಮ್ಮಪ್ಪ ಏನ್ ಊರ್ ಬಿಟ್ಟು ಓಡೋಗ್ತಿದ್ನಾ?"

ರಸ್ತೆಯಲ್ಲಿ ಒಕ್ಕಣೆ ಮಾಡೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಇವೆಲ್ಲ ಎಷ್ಟು ಮನೆಯಲ್ಲಿ ಉಳಿದಿವೆ? ಹೋಗೋ ಬರೋ ಗಾಡಿ ಬಿಟ್ಟಿಯಾಗಿ ಒಕ್ಕಿ ಕೊಡುತ್ತವೆ ಅಂತ ಜನ ಹರಡುತ್ತಾರೆ. ಈ ಸುಗ್ಗಿ ಮುಗಿಯೋವರೆಗೂ ರಾಗಿ, ಹುರುಳಿ ರಸ್ತೆ ಮೇಲೆ ಇದ್ದೇ ಇರುತ್ತವೆ ಅಂದುಕೊಂಡೇ ನಾವು ಗಾಡಿ ಓಡಿಸಬೇಕು. ಎಷ್ಟು ಯೋಚಿಸಿದರೂ ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿ ಏನ್ ಅವಸರ ಇತ್ತು?

ಅದಕ್ಕೇ ನನ್ನ ವಾದ ಇಷ್ಟು: ಹೊಸದಾಗಿ ಲೈಸೆನ್ಸ್ ತಗೊಂಡವರಿಗೆ ಮೊದಲ ಚಳಿಗಾಲದಲ್ಲಿ ಜಾಕೆಟ್, ಗ್ಲೌಸ್ ಎಲ್ಲಕ್ಕಿಂತ ಮುಖ್ಯವಾದ ರಕ್ಷಣೆ ಹೊರಡುವ ಹೊತ್ತು. ಸೂರ್ಯ ಹುಟ್ಟಿದರೆ ಸಾಲದು, ಬಿಸಿಲು ರಸ್ತೆ ಮೇಲೆ ಬಿದ್ದಿರಬೇಕು. ನಾನು ಬಿದ್ದಾಗಲೂ ಸೂರ್ಯ ಹುಟ್ಟಿದ್ದ ಮಾರಾಯ್ರೆ!

ಸ್ವಲ್ಪ ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ, ಕ್ಷಮಿಸಿ). ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಂಡು, ಅರ್ಥ ಮಾಡಿಕೊಂಡು, ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ, ಅಷ್ಟರಲ್ಲೇ 25 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಹೊಸಬ ಸುಮಾರಾಗಿ ಬ್ರೇಕ್ ಹಿಡಿದರೂ ನಿಲ್ಲೋಕೆ ಇನ್ನೊಂದು 28 ಮೀಟರ್ ಬೇಕು. ಒಟ್ಟು 50ಕ್ಕೂ ಹೆಚ್ಚು. ಮಂಜಿನಲ್ಲಿ ಕಾಣಿಸೋದು 30 ಮೀಟರ್ ಆದರೆ? ಅದೇ ಗಂಟೆಗೆ 30 ಕಿ.ಮೀ.ಯಲ್ಲಿ ಹೋಗುತ್ತಿದ್ದರೆ ಒಟ್ಟು 20 ಮೀಟರಿನೊಳಗೆ ನಿಲ್ಲಬಹುದು. ವೇಗ ಅರ್ಧವಾದರೆ ದೂರ ಅರ್ಧಕ್ಕಿಂತಲೂ ಕಮ್ಮಿ. ಇದು ಒಣ ರಸ್ತೆಯ ಲೆಕ್ಕ. ಒದ್ದೆ ರಸ್ತೆಯಲ್ಲಿ, ಬಿಳಿ ಪಟ್ಟೆ ಮೇಲೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಹಿಡಿತ ಇನ್ನೂ ಕಡಿಮೆ.

ಇನ್ನೊಂದು ವಿಷಯ. 2020ರ ಬಿಎಸ್-6 ನಿಯಮದ ನಂತರದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಇಂಜೆಕ್ಷನ್ ಇದೆ. ಚೋಕ್ ಎಳೆಯೋದು, ಕಿಕ್ ಹೊಡೆದು ಬೆವರೋದು ಯಾವುದೂ ಇಲ್ಲ, ಬಟನ್ ಒತ್ತಿದರೆ ಹೊರಟಿತು. ಇಂಜಿನ್ ಏನೋ ತಯಾರು, ಟೈರು? ತಣ್ಣಗಿನ ರಬ್ಬರಿಗೆ ಹಿಡಿತ ಕಡಿಮೆ. ಮಧ್ಯಾಹ್ನ ಗಾಳಿ ತುಂಬಿಸಿದ ಟೈರಿನಲ್ಲಿ ಬೆಳಗ್ಗೆ 15 ಡಿಗ್ರಿ ತಂಪಾದರೆ ಒತ್ತಡ ಸುಮಾರು 2 ಪಿಎಸ್‌ಐ ಇಳಿದಿರುತ್ತೆ. "ಎಬಿಎಸ್ ಇದೆಯಲ್ಲ" ಅಂತೀರಾ? 125 ಸಿಸಿ ಮೀರಿದ ಹೊಸ ಮಾಡೆಲ್‌ಗಳಿಗೆ ಅದು 2018ರಲ್ಲಿ, ಹಳೆ ಮಾಡೆಲ್‌ಗಳಿಗೂ 2019ರಲ್ಲಿ ಕಡ್ಡಾಯ ಆಯ್ತು. ನನ್ನ ಬೈಕಿನಲ್ಲಿ ಇದ್ದದ್ದು ಕಾಂಬಿ ಬ್ರೇಕ್. ಅದು ಬ್ರೇಕನ್ನು ಎರಡೂ ಚಕ್ರಕ್ಕೆ ಹಂಚುತ್ತೆ, ಚಕ್ರ ಲಾಕ್ ಆಗೋದನ್ನು ತಪ್ಪಿಸೋದಿಲ್ಲ. ಕೊಂಡಾಗ ನನಗೂ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಗೊತ್ತಾಗೋದಾದರೂ ಹೇಗೆ? ನಾನು ಪರೀಕ್ಷೆಯಲ್ಲಿ ತೋರಿಸಿದ್ದು ನಿಧಾನವಾಗಿ ಹೋಗುವಾಗ ಬೀಳದೆ ಇರೋದನ್ನ. ವೇಗವಾಗಿ ಹೋಗುವಾಗ ನಿಲ್ಲಿಸೋದನ್ನ ಯಾರೂ ಕೇಳಲಿಲ್ಲ. ಬ್ರಿಟನ್ನಿನ ಬೈಕ್ ಪರೀಕ್ಷೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು ತಟ್ಟನೆ ನಿಲ್ಲಿಸಿ ತೋರಿಸಬೇಕು. ನಮ್ಮಲ್ಲೂ ಅಂಥದ್ದು ಬರಲಿ. ಬರೋವರೆಗೂ ಖಾಲಿ ಮೈದಾನದಲ್ಲಿ ನಾವೇ ಅಭ್ಯಾಸ ಮಾಡಿಕೊಳ್ಳೋಣ. ಮೊದಲು ಬರೀ 20ರಲ್ಲಿ, ಎರಡೂ ಬ್ರೇಕ್ ಒಟ್ಟಿಗೆ, ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಬಿಗಿ ಮಾಡುತ್ತಾ.

"ಬೆಳಗಿನ ಜಾವ ರೋಡ್ ಖಾಲಿ, ಅದೇ ಸೇಫು" ಅನ್ನೋ ವಾದವನ್ನು ಬೇಸಿಗೆಯಲ್ಲಿ ಒಪ್ಪುತ್ತೇನೆ. ಚಳಿಗಾಲದಲ್ಲಿ ಖಾಲಿ ರಸ್ತೆ ವೇಗದ ಆಸೆ ಹುಟ್ಟಿಸುತ್ತೆ ಅಷ್ಟೇ. ಆ ರಸ್ತೆಯಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲದ ಲಾರಿ ಡ್ರೈವರೂ ಇರುತ್ತಾನೆ, ಹಿಂದೆ ಒಂದು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರೂ ಇರುತ್ತೆ. ಹತ್ತಿರ ಹೋಗೋವರೆಗೂ ಕಾಣೋದಿಲ್ಲ.

ಹಾಲು ಹಾಕುವವರು, ಪೇಪರ್ ಹುಡುಗರು, ನೈಟ್ ಶಿಫ್ಟ್ ಮುಗಿಸಿ ಬರುವವರು ಬಿಸಿಲಿಗೆ ಕಾಯೋಕಾಗಲ್ಲ, ಒಪ್ಪಿದೆ. ಅವರು ಲೋ ಬೀಮ್‌ನಲ್ಲೇ ಹೋಗಲಿ. ಕಾಣುವಷ್ಟು ದೂರದೊಳಗೆ ನಿಲ್ಲಿಸುವಷ್ಟೇ ವೇಗ ಇಟ್ಟುಕೊಳ್ಳಲಿ. ವೈಸರ್ ಒಂದು ಬೆರಳಷ್ಟು ತೆರೆದಿರಲಿ, ಉಸಿರು ಹೊರಹೋಗುತ್ತೆ. ಗ್ಲೌಸ್ ಹಾಕಿದರೂ ಬೆರಳು ಮರಗಟ್ಟಿತೋ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ ಒಂದು ಬಿಸಿ ಟೀ ಕುಡಿಯಲಿ. ಒಕ್ಕಣೆ ಕಂಡರೆ ಅದನ್ನು ಮುಟ್ಟುವ ಮೊದಲೇ ವೇಗ ಇಳಿಸಬೇಕು, ಅದರ ಮೇಲೆ ಬ್ರೇಕೂ ಬೇಡ, ತಿರುಗಿಸೋದೂ ಬೇಡ. ದಾಟಿದ ಮೇಲೆ ನಿಲ್ಲಿಸಿ ಚಕ್ರಕ್ಕೆ, ಸೈಲೆನ್ಸರಿಗೆ ಸೊಪ್ಪು ಸುತ್ತಿಕೊಂಡಿದೆಯಾ ನೋಡಬೇಕು. ಬಿಸಿ ಸೈಲೆನ್ಸರಿಗೆ ಒಣ ಹುಲ್ಲು ತಾಗಿದರೆ ಬೆಂಕಿ ಹತ್ತಬಹುದು.

ಆದರೆ ಸನ್‌ರೈಸ್ ನೋಡೋಕೆ ಹೋಗೋನಿಗೆ ಯಾವ ಶಿಫ್ಟೂ ಇಲ್ಲವಲ್ಲ? 1478 ಮೀಟರ್ ಎತ್ತರದ ಬೆಟ್ಟ ಎಂಟು ಗಂಟೆಗೂ ಅಲ್ಲೇ ಇರುತ್ತೆ.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಣ್ಣಾ, ನೀನು ಮುದುಕ ಆಗೋದೆ ಕಣೋ" ಅಂದ. ಆಮೇಲೆ "ಸರಿ, ಎಷ್ಟೊತ್ತಿಗೆ ಹೊರಡೋಣ?" ಅಂತಲೂ ಕೇಳಿದ.

ಭಾನುವಾರ ನಮ್ಮ ಮನೇಲಿ ಇಡ್ಲಿ ತಿಂದು ಎಂಟೂವರೆಗೆ ಹೊರಡ್ತೀವಿ. ಸನ್‌ರೈಸ್ ಸಿಗಲ್ಲ, ಬಿಸಿಲಂತೂ ಸಿಗುತ್ತೆ. ಏನಂತೀರಿ?