ಬ್ರೇಕರ್ ಮಾತನಾಡುತ್ತದೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ಕೊಂಬೆಯೊಂದು ವಿದ್ಯುತ್ ತಂತಿಗೆ ತಾಗಿತೆನ್ನಿ. ಉಪಕೇಂದ್ರದ ಸರ್ಕ್ಯೂಟ್ ಬ್ರೇಕರ್ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ಅದು ದೂರದ ಎಂಜಿನಿಯರಿಗೆ ತಿಳಿಯುವುದು ಹೇಗೆ? ಹಿಂದೆ ಟೆಲಿಫೋನೇ ಗತಿ. ಈಗ ಬ್ರೇಕರಿನ ರಿಲೇಯೇ ಸುದ್ದಿ ಕೊಡಬಲ್ಲದು. ಮೋಡಿಕಾನ್ ಸಂಸ್ಥೆ 1979ರಲ್ಲಿ ರೂಪಿಸಿದ ಮಾಡ್‌ಬಸ್ ಇಂಥ ಯಂತ್ರಭಾಷೆಗಳಲ್ಲಿ ಹಳೆಯದು, ಸರಳವಾದುದು: ಕೇಂದ್ರ ಕೇಳಿದರಷ್ಟೇ ರಿಲೇಯ ಉತ್ತರ, ತಾನಾಗಿ ಬಾಯಿ ಬಿಡದು, ಸಂಕೋಚದ ವಿದ್ಯಾರ್ಥಿಯಂತೆ! ನಂತರ ಬಂದ ಐಇಸಿ 61850 ಕ್ರಮದಲ್ಲಿ ರಿಲೇಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಪರಸ್ಪರ ಎಚ್ಚರಿಸುತ್ತವೆ. ಎಷ್ಟು ಆಂಪಿಯರ್ ಹರಿಯಿತು, ಯಾವ ಫೇಸಿನಲ್ಲಿ ದೋಷ ಎಂಬುದೂ ಗೊತ್ತಾಗಿ ಹುಡುಕಾಟ ತಗ್ಗುತ್ತದೆ.

ಆದರೆ ದೂರದಿಂದ ತೆರೆಯಬಲ್ಲದ್ದನ್ನು ದೂರದಿಂದಲೇ ಮುಚ್ಚಲೂಬಹುದು. ಆಗ ಕಂಬದ ಮೇಲೆ ಲೈನ್‌ಮನ್ ಇದ್ದರೆ? ಗುಂಡ್ಲುಪೇಟೆಯಾಗಲಿ ಜರ್ಮನಿಯಾಗಲಿ, ಪರದೆಯ ‘ಆಫ್’ ನಂಬಿ ಹತ್ತುವಂತಿಲ್ಲ. ಲೈನ್ ಕ್ಲಿಯರ್ ಪಡೆದು, ಐಸೊಲೇಟರ್ ತೆರೆದು ಬೀಗ ಹಾಕಿ, ತಂತಿಯನ್ನು ಅರ್ಥ್ ಮಾಡಿದ ಮೇಲೆಯೇ ಏಣಿ.