ಹಿಡಿ ಅಕ್ಕಿಯ ದಾಸೋಹ ಬಡಾವಣೆಗೆ ಬರಲಿ

ಬಸವ ಜಯಂತಿ ಬಂದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ರಸ್ತೆಗಳಲ್ಲಿ ಶಾಮಿಯಾನಗಳು ಏಳುತ್ತವೆ. ಅಪ್ಪ ಬಸವಣ್ಣನವರ ಭಾವಚಿತ್ರಕ್ಕೆ ಹೂಮಾಲೆ, ಬಂದವರಿಗೆಲ್ಲ ಪಾನಕ, ಕೋಸಂಬರಿ, ಅನ್ನ ಸಾರು. ಸಂತೋಷದ ವಿಷಯವೇ. ಆದರೆ ಶಾಮಿಯಾನ ಬಿಚ್ಚಿದ ಮರುದಿನ ಆ ಬೀದಿಯಲ್ಲಿ ಹಸಿದವರು ಇರುವುದಿಲ್ಲವೇ? ಉಳಿದ 364 ದಿನ ನಮ್ಮ ದಾಸೋಹ ಎಲ್ಲಿರುತ್ತದೆ? ಯಲಹಂಕದಲ್ಲಿ ಮನೆ ಮನೆಯಿಂದ ದವಸ ಕೂಡಿಸಿ ಹಂಚುವ ಕೆಲಸದಲ್ಲಿ ಕೈಜೋಡಿಸಿರುವ ನನಗೆ ಈ ಪ್ರಶ್ನೆಯನ್ನು ಬಸವಭಕ್ತರ ಮುಂದಿಡಬೇಕು ಎನಿಸಿದೆ.

ಯಲಹಂಕ, ಹೆಬ್ಬಾಳದ ಸುತ್ತ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಹಿಂದೆ ಹೋಗಿ ನೋಡಿ. ತಗಡಿನ ಶೆಡ್ಡುಗಳು, ನೀಲಿ ತಾಡಪಾಲಿನ ಗುಡಿಸಲುಗಳು. ಅಲ್ಲಿರುವವರಲ್ಲಿ ಅನೇಕರು ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳವರು. ಬಸವಣ್ಣನವರ ಹೆಸರನ್ನೇ ಹೊತ್ತ ಬಸವ ಎಕ್ಸ್‌ಪ್ರೆಸ್ ಆ ಜಿಲ್ಲೆಗಳನ್ನು ಹಾದು ಯಲಹಂಕದ ಮೂಲಕವೇ ಬೆಂಗಳೂರಿಗೆ ಬರುತ್ತದೆ. ಶರಣರ ನೆಲದ ಕಾಯಕಜೀವಿಗಳು ನಮ್ಮ ಮನೆ ಕಟ್ಟಿಕೊಟ್ಟು, ಆ ಮನೆಯ ಕಾಂಪೌಂಡಿನ ಆಚೆ ಉಪವಾಸ ಮಲಗುತ್ತಾರೆ ಎಂದರೆ ನಾವು ದಿನವೂ ಮಾಡುವ ಲಿಂಗಪೂಜೆಗೆ ಏನು ಅರ್ಥ?

‘ಸರ್ಕಾರ ಅಕ್ಕಿ ಕೊಡುತ್ತದೆ, ಇಂದಿರಾ ಕ್ಯಾಂಟೀನ್ ಇದೆ, ಇನ್ನೆಲ್ಲಿ ಹಸಿವು?’ ಎನ್ನುವವರಿದ್ದಾರೆ. 2013ರಲ್ಲಿ ಬಂದ ಅನ್ನಭಾಗ್ಯ, 2017ರಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಆರಂಭವಾದ ಇಂದಿರಾ ಕ್ಯಾಂಟೀನ್ ಎರಡೂ ದೊಡ್ಡ ಕೆಲಸಗಳೇ. ಆದರೆ ಪಡಿತರ ಚೀಟಿ ಊರಿನಲ್ಲಿ ಮುದುಕರ ಬಳಿ ಇರುತ್ತದೆ. ಕ್ಯಾಂಟೀನ್ ಎಲ್ಲ ಶೆಡ್ಡುಗಳ ಹತ್ತಿರ ಇರುವುದಿಲ್ಲ. ಊರು ಬಿಟ್ಟು ಬಂದ ದಿನದಿಂದ ಮೊದಲ ಬಟವಾಡೆಯವರೆಗಿನ ವಾರ, ಮಳೆ ಹಿಡಿದು ಕೆಲಸ ನಿಂತ ದಿನಗಳು, ಕೈಕಾಲು ಮುರಿದುಕೊಂಡು ಮಲಗಿದ ತಿಂಗಳು, ಹಸಿ ಬಾಣಂತಿಯ ಮನೆ: ಹಸಿವು ಕೂರುವುದು ಇಂಥ ಸಂದುಗಳಲ್ಲಿ. ಅಕ್ಕಿ ಇದ್ದರೂ ಬೇಳೆ, ಎಣ್ಣೆ ಇಲ್ಲದ ಒಲೆಗಳಿವೆ. 2020ರ ಲಾಕ್‌ಡೌನ್‌ನಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಬೀದಿ ಬೀದಿಯಲ್ಲಿ ಅಡುಗೆಮನೆಗಳು ಎದ್ದವು. ಲಾಕ್‌ಡೌನ್ ಮುಗಿಯಿತು, ಅಡುಗೆಮನೆಗಳೂ ಮುಚ್ಚಿದವು. ಹಸಿವು ಮಾತ್ರ ಉಳಿಯಿತು.

ಶರಣರು ದಾನ ಎನ್ನಲಿಲ್ಲ, ದಾಸೋಹ ಎಂದರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯನ್ನು ನೆನೆಯೋಣ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದವರು ಅವರು. ಇಂದಿನ ಮಾತಿನಲ್ಲಿ ವಲಸೆ ಕಾರ್ಮಿಕರು! ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಗದರಿಸಿ ಹಿಂದಕ್ಕೆ ಕಳಿಸಿದಳು. ಬಡವರಿಗೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎನ್ನುವವರು ಈ ಕಥೆಯನ್ನು ಇನ್ನೊಮ್ಮೆ ಓದಲಿ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆಯಿಂದ ಉದುರಿದ ಕಾಳು ಗುಡಿಸಿ, ಕೇರಿ, ಆಯ್ದು ಬದುಕುವ ತಾಯಂದಿರನ್ನು ಕಂಡಾಗ ನನಗೆ ಲಕ್ಕಮ್ಮನ ನೆನಪಾಗುತ್ತದೆ. ಕಾಯಕ ಅವರಲ್ಲಿದೆ. ಕಡಿಮೆಯಾಗಿರುವುದು ನಮ್ಮ ದಾಸೋಹ.

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ದಿನವೂ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುವ ರೂಢಿ ನಮ್ಮ ಅಜ್ಜಿಯರದು. ಮನೆ ಮನೆಯ ಭಿಕ್ಷೆಯಿಂದಲೇ ನಮ್ಮ ಎಷ್ಟೋ ಮಠಗಳು ಸಾವಿರಾರು ಬಡಮಕ್ಕಳಿಗೆ ಪ್ರಸಾದ ನಿಲಯ ನಡೆಸಿದವು. ಒಂದು ಹಿಡಿಗೆ 50 ಗ್ರಾಂ ಎಂದಿಟ್ಟುಕೊಂಡರೂ ತಿಂಗಳಿಗೆ ಒಂದು ಮನೆಯಿಂದ ಒಂದೂವರೆ ಕಿಲೋ, 50 ಮನೆಗಳಿಂದ 75 ಕಿಲೋ. ಅದರ ಜೊತೆ ಪ್ರತಿ ಮನೆ ಕಾಲು ಕಿಲೋ ತೊಗರಿಬೇಳೆ ಇಟ್ಟರೆ 12 ಕಿಲೋ ಮೀರುತ್ತದೆ. ಒಂದು ಅಪಾರ್ಟ್‌ಮೆಂಟ್, ಒಂದು ಅಡ್ಡರಸ್ತೆ ಮನಸ್ಸು ಮಾಡಿದರೆ ಸಾಕು.

ಆದರೆ ಕೊಡುವ ರೀತಿ ದಾಸೋಹದ ರೀತಿಯಾಗಿರಲಿ. ಮದುವೆ ಮನೆಯಲ್ಲಿ ಉಳಿದು ಹಳಸಲು ಬಂದ ಅನ್ನ ದಾಸೋಹವಾಗದು. ನಮ್ಮ ಮಕ್ಕಳಿಗೆ ಬಡಿಸಲು ಒಲ್ಲದ್ದನ್ನು ಅವರ ಮಕ್ಕಳಿಗೆ ಬಡಿಸಬಾರದು. ಚೀಲ ಕೊಡುವಾಗ ಫೋಟೊ ಬೇಡ, ಚೀಲದ ಮೇಲೆ ದಾನಿಯ ಹೆಸರೂ ಬೇಡ. ಜಾತಿ ಕೇಳಬಾರದು, ಕೊರಳಲ್ಲಿ ಲಿಂಗವಿದೆಯೇ ಎಂದು ನೋಡಬಾರದು. ಬಂಗಾಳ, ಬಿಹಾರದಿಂದ ಬಂದವನ ಹಸಿವೂ ಹಸಿವೇ. ಯಾರಿಗೆ ಏನು ಬೇಕು ಎಂಬುದನ್ನು ಶೆಡ್ಡಿನ ತಾಯಂದಿರೇ ಹೇಳಲಿ, ಹಂಚುವಾಗ ಅವರೂ ನಮ್ಮೊಡನೆ ನಿಲ್ಲಲಿ. ತಿಂಗಳಿಗೊಮ್ಮೆ ಅವರ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ. ಒಟ್ಟಿಗೆ ಉಣ್ಣದವರ ಸಮಾನತೆ ಭಾಷಣದಲ್ಲಷ್ಟೇ ಉಳಿಯುತ್ತದೆ.

ಅನ್ನದ ಚೀಲದ ಜೊತೆ ಹಕ್ಕಿನ ಕಾಗದವೂ ತಲುಪಲಿ. ಪಡಿತರ ಚೀಟಿ ಇದ್ದವರು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ತಮ್ಮ ಪಾಲು ಪಡೆಯಬಹುದು. ಅನೇಕರಿಗೆ ಇದು ಗೊತ್ತಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಕ್ಕಳಿಗೆ, ಬಾಣಂತಿಯರಿಗೆ ಅಂಗನವಾಡಿ ಇದೆ. ಓದುಬರಹ ಬಲ್ಲ ನಿವೃತ್ತ ನೌಕರರು, ಕಾಲೇಜಿನ ಮಕ್ಕಳು ವಾರಕ್ಕೆ ಎರಡು ಗಂಟೆ ಅವರ ಜೊತೆ ಹೋಗಿ ನಿಂತರೆ ಅದೂ ದಾಸೋಹ.

ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಜನವರಿ 21ನ್ನು ದಾಸೋಹ ದಿನವಾಗಿ ಆಚರಿಸುತ್ತಿದ್ದೇವೆ. ಅವರ ಮಠದಲ್ಲಿ ಒಲೆ ದಿನವೂ ಉರಿಯಿತು, ಜಾತಿ ಕೇಳದೆ ಉರಿಯಿತು. ಆದ್ದರಿಂದಲೇ ಆ ದಿನಕ್ಕೆ ಆ ಹೆಸರು ಒಪ್ಪುತ್ತದೆ. ಉತ್ತರ ಬೆಂಗಳೂರಿನ ಶಾಖಾಮಠಗಳು, ಬಸವ ಸಂಘಟನೆಗಳು, ಅಕ್ಕನ ಬಳಗಗಳು ತಮ್ಮ ಅಂಗಳದಲ್ಲಿ ಒಂದೊಂದು ಹಿಡಿ ಅಕ್ಕಿಯ ಡಬ್ಬಿ ಇಡಲಿ. ಬಂದದ್ದನ್ನು ತಿಂಗಳೊಳಗೆ ಹಂಚಿ ಮುಗಿಸಲಿ. ಕೂಡಿಟ್ಟರೆ ಲಕ್ಕಮ್ಮ ಒಪ್ಪುವುದಿಲ್ಲ. ಲೆಕ್ಕವನ್ನು ಬಾಗಿಲ ಮೇಲೆ ಅಂಟಿಸಲಿ. ಮುಂದಿನ ಬಸವ ಜಯಂತಿಯ ಶಾಮಿಯಾನಕ್ಕೆ ಇನ್ನೂ ಸಮಯವಿದೆ. ಹಿಡಿ ಅಕ್ಕಿಗೆ ಇಂದೇ ಮುಹೂರ್ತ.